ಅರಿಶಿನದ ಅಂಗಿ

"ಬಾಳೆ ಎಲೆ ಒಣಗೋಗಿದೆ ಕಣಪ್ಪ," ಎಂದರು ಸುನಂದಮ್ಮ ಫೋನಿನಲ್ಲಿ. "ಮಾವಿನ ತೋರಣನೂ ಅಂಗೇ. ಹಸಿ ಚಪ್ಪರ ಹಾಕ್ಸಿದ್ದು ನಾವು. ಇಡಿಯೋ ನೋಡ್ದೋರೆಲ್ಲ ಕೇಳ್ತಾವ್ರೆ, ಏನ್ ಸುನಂದಮ್ಮ, ಮಗಳ ಮದುವೆಗೆ ಒಣಗಿದ್ ಸೊಪ್ಪು ಕಟ್ಸಿದ್ರಾ ಅಂತ. ಅಪಶಕುನ ಅಲ್ವೇನಪ್ಪ ಅದು?"

"ಸರಿ ಮಾಡ್ತೀನಿ ಅಮ್ಮ," ಎಂದ ಮಾದೇಶ್.

ಬಾಯಿಗೆ ಬಂದದ್ದನ್ನು ಹೇಳುವ ಹಾಗಿರಲಿಲ್ಲ. ಅದೇ ಚಪ್ಪರದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಅದೇ ಸಂಜೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಆ ಮನೆಯ ಆಳು ಅಂಕಯ್ಯ ಸುಟ್ಟು ಸತ್ತಿದ್ದ. ಮಾರನೆಯ ದಿನ ಮದುವೆ ನಡೆಯಿತು, ಊಟ ನಡೆಯಿತು, ಬೀಗರು ಪಾಯಸ ಎರಡೆರಡು ಸಲ ಹಾಕಿಸಿಕೊಂಡರು. ಆ ತಾಯಿಗೆ ಅಪಶಕುನ ಕಂಡಿದ್ದು ಎಲೆಯ ಬಣ್ಣದಲ್ಲಿ.

ಫೋನಿಟ್ಟು ಕಂಪ್ಯೂಟರಿನ ಕಡೆ ತಿರುಗಿದ. ಚಿಗುರು ಸ್ಟುಡಿಯೋದ ಒಳಕೋಣೆಗೆ ಕಿಟಕಿಯಿಲ್ಲ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೊ, ಜೆರಾಕ್ಸು. ನಡುವೆ ಒಂದು ನೀಲಿ ಪರದೆ. ಪರದೆಯ ಹಿಂದೆ ಮಾದೇಶನ ಎಡಿಟಿಂಗ್ ಮೇಜು. ಆಚೆ ಮಾಲೀಕ ನಂಜುಂಡೇಶ್ ಯಾರಿಗೋ ಕೋಟು ತೊಡಿಸುತ್ತ "ಗದ್ದ ಇಳಿಸಿ ಸಾರ್, ಕಾಲೇಜ್ ಪ್ರಿನ್ಸಿಪಾಲ್ ಥರ ಕಾಣ್ತೀರ ಈಗ" ಎನ್ನುತ್ತಿದ್ದ. ಮಧ್ಯಾಹ್ನದ ಹೊತ್ತು. ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಾರನ್ನುಗಳು ಗೋಡೆ ದಾಟಿ ಬರುತ್ತಿದ್ದವು.

ಸುನಂದಮ್ಮನಿಗೆ ಕಳಿಸಿದ್ದ ತುಣುಕನ್ನು ಮಾದೇಶ್ ತನ್ನ ಫೋನಿನಲ್ಲೇ ಹಾಕಿ ನೋಡಿದ. ನಿಜ. ಎಲೆಗಳೆಲ್ಲ ಹದವಾದ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು.

ಇದೇ ತುಣುಕು ಪೊಲೀಸರ ಬಳಿಯೂ ಇತ್ತು.

ಇದರಲ್ಲೇ, ಮದುಮಗಳು ಅನುಶ್ರೀಯ ಹೆಗಲ ಹಿಂದೆ, ಮುಸ್ಸಂಜೆಯ ಮಬ್ಬಿನಲ್ಲಿ, ಬ್ಯಾರನ್ನಿನ ಬಾಗಿಲ ಬಳಿ ಒಂದು ಹಳದಿ ಅಂಗಿ ಕಂಡಿತ್ತು. ತಲೆಯಿಲ್ಲ, ಕಾಲಿಲ್ಲ. ಕಪ್ಪಿನಲ್ಲಿ ತೇಲುವ ಹಳದಿ. ಅಂಕಯ್ಯ ಸೊಪ್ಪಿನ ಹದ ನೋಡಲು ಒಳಗೆ ಹೋಗಿದ್ದಾಗಲೇ ಯಾರೋ ಹೊರಗಿನಿಂದ ಬಾಗಿಲಿಗೆ ಅಗಳಿ ಹಾಕಿದ್ದರು. ಕಾದ ಕೊಳವೆಯ ಮೇಲೆ ಒಣಸೊಪ್ಪು ಬಿದ್ದು ಹೊತ್ತಿಕೊಂಡಾಗ ಅವನು ಬಡಿದ ಬಾಗಿಲ ಸದ್ದು ಚಪ್ಪರದ ಹಾಡಿನಲ್ಲಿ ಯಾರಿಗೂ ಕೇಳಲಿಲ್ಲ.

ಅರಿಶಿನದ ಸಂಜೆಗೆಂದು ಆ ಮನೆಯವರು ಗಂಡಸರಿಗೆಲ್ಲ ಒಂದೇ ಥಾನಿನ ಹಳದಿ ಅಂಗಿ ಹೊಲಿಸಿದ್ದರು. ಆಳುಗಳಿಗೂ ಕೊಟ್ಟಿದ್ದರು. ಪ್ರೀತಿಗಲ್ಲ, ವಿಡಿಯೋದಲ್ಲಿ ಮಾಸಲು ಬನಿಯನ್ನು ಕಾಣಬಾರದು ಎಂದು. ಬೇರೆ ಹಳದಿ ಅಂಗಿಗಳೆಲ್ಲ ಆ ತುಣುಕಿನಲ್ಲಿ ಚಪ್ಪರದ ಕೆಳಗೇ ನಗುತ್ತ ನಿಂತಿದ್ದವು. ಸತ್ತವನದನ್ನು ಬಿಟ್ಟರೆ ಅಲ್ಲಿ ಇಲ್ಲದಿದ್ದುದು ಒಂದೇ ಅಂಗಿ: ಬ್ಯಾರನ್ನಿನಲ್ಲಿ ಅಂಕಯ್ಯನ ಜೊತೆ ಸೌದೆ ಹಾಕುತ್ತಿದ್ದ, ಆ ಬೆಳಿಗ್ಗೆಯಷ್ಟೇ ಅವನ ಜೊತೆ ಕೈಕೈ ಮಿಲಾಯಿಸಿದ್ದ ಚಿಕ್ಕಮಾದುವಿನದು.

ಚಿಕ್ಕಮಾದು ಮಾದೇಶನ ಅವ್ವನ ತಮ್ಮ. ಅಪ್ಪ ಇಲ್ಲದ ಮನೆಗೆ ಅಪ್ಪನ ಜಾಗದಲ್ಲಿ ನಿಂತವನು. ನಿನ್ನೆ ಸಂಜೆ ಹಿಡಿದುಕೊಂಡು ಹೋಗಿದ್ದರು. ಇವತ್ತು ಸಂಜೆ ಕೋರ್ಟು, ಅಲ್ಲಿಂದ ಮೈಸೂರಿನ ಜೈಲು.

ಬೆಳಿಗ್ಗೆ ಅವ್ವ ಪುಟ್ಟಲಕ್ಷ್ಮಿ ಕಟ್ಟಿಕೊಟ್ಟ ರಾಗಿರೊಟ್ಟಿ ಹಿಡಿದು ಮಾದೇಶ್ ಠಾಣೆಗೆ ಹೋಗಿದ್ದ. ಮಾವ ರೊಟ್ಟಿ ಮುಟ್ಟಲಿಲ್ಲ. ಮುಖವನ್ನೂ ನೋಡಲಿಲ್ಲ. ಗೋಡೆಗೆ ಹೇಳಿದ ಹಾಗೆ ಹೇಳಿದ: "ಆ ಇಡಿಯೋ ತಂಟೆಗೆ ಓಗಬ್ಯಾಡ ಕಣ್ಲಾ. ಬುಟ್ಬುಡು ಅದ್ನ."

"ನೀನಲ್ಲ ಅಂತ ಒಂದು ಮಾತು ಯೋಳು ಮಾವ."

"ಬುಟ್ಬುಡು ಅಂದ್ನಲ್ಲ."

ಹೆದರಿದ್ದಾನೆ, ವಿಡಿಯೋ ಗಿಡಿಯೋ ಅವನಿಗೆ ತಿಳಿಯುವುದಿಲ್ಲ ಎಂದುಕೊಂಡು ಮಾದೇಶ್ ಎದ್ದು ಬಂದಿದ್ದ.

ಈಗ ಎಲೆ. ಒಣಗಿದ ಎಲೆ.

ಮೊದಲು ಫೋನಿನ ಮೇಲೆ ಅನುಮಾನಪಟ್ಟ. ಒಂದೇ ಮುಖ ಒಂದು ಫೋನಿನಲ್ಲಿ ಬೆಳ್ಳಗೆ, ಇನ್ನೊಂದರಲ್ಲಿ ಕರ್ರಗೆ ಕಾಣುವುದು ಈ ಕಸುಬಿನ ದಿನನಿತ್ಯದ ಗೋಳು. ತುಣುಕನ್ನು ಕಂಪ್ಯೂಟರಿನಲ್ಲಿ ಹಾಕಿದ. ಎಲೆ ಹಳದಿಯೇ. ಆಮೇಲೆ ಕಂಪ್ರೆಸ್ ಮಾಡಿದ್ದರ ಮೇಲೆ ಅನುಮಾನ. ವಾಟ್ಸಪ್ಪಿಗೆ ಹಿಡಿಸಲೆಂದು ಹಿಂಡಿ ಹಿಂಡಿ ಚಿಕ್ಕದು ಮಾಡಿದ ಫೈಲಿನಲ್ಲಿ ಅಕ್ಕಪಕ್ಕದ ಬಣ್ಣಗಳು ಒಂದರ ಮೇಲೊಂದು ಕದಡಿಕೊಳ್ಳುತ್ತವೆ. ಹಿಂಡದೆ, ದೊಡ್ಡ ಫೈಲಾಗಿ ಇನ್ನೊಮ್ಮೆ ಹೊರತೆಗೆದ. ಗೆರೆಗಳು ಸ್ಪಷ್ಟವಾದವು. ಎಲೆ ಮಾತ್ರ ಹಳದಿಯೇ ಉಳಿಯಿತು.

ಅಂದರೆ ತಪ್ಪು ಹಿಂಡಿದ್ದರಲ್ಲಿ ಇರಲಿಲ್ಲ. ಹಿಂಡುವ ಮೊದಲೇ ಆಗಿತ್ತು.

ಮಾದೇಶನ ಕೈ ಮೌಸಿನ ಮೇಲೆ ನಿಂತಿತು.

ಹುಣಸೂರಿನಿಂದ ಕೋಟೆಯವರೆಗೆ ಮದುವೆ ವಿಡಿಯೋ ಮಾಡುವ ಯಾರನ್ನು ಕೇಳಿದರೂ ಇದೇ ಮಾತು: ಅರಿಶಿನ ಹೊಳೆಯಬೇಕು. ಮದುಮಗಳ ಕೆನ್ನೆಯ ಅರಿಶಿನ ಪೇಲವವಾಗಿ ಕಂಡರೆ ವಿಡಿಯೋದವನಿಗೆ ಉಗಿತ ತಪ್ಪಿದ್ದಲ್ಲ. ಕಂಪ್ರೆಸ್ ಮಾಡಿದ ಮೇಲಂತೂ ಅದು ನೀರು ಬೆರೆಸಿದ ಮಜ್ಜಿಗೆಯ ಹಾಗಾಗುತ್ತದೆ. ಅದಕ್ಕೇ ಮಾದೇಶ್ ಒಂದು ಪ್ರೀಸೆಟ್ ಮಾಡಿಟ್ಟುಕೊಂಡಿದ್ದ. ಅದರ ಹೆಸರೂ 'ಅರಿಶಿನ'. ಒಂದು ಸಲ ಒತ್ತಿದರೆ ಸಾಕು, ಹಳದಿ ಎದ್ದು ಕೂರುತ್ತಿತ್ತು. ಸುತ್ತಮುತ್ತಲಿನ ಬಣ್ಣಗಳನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು. ಹಳದಿಗೆ ಹತ್ತಿರದ ಬಣ್ಣ ಹಸಿರು.

ಚಪ್ಪರದ ಸಂಜೆಯ ವಿಡಿಯೋಗೆ ಅದನ್ನು ಒಂದಲ್ಲ, ಎರಡು ಪಟ್ಟು ಹಾಕಿದ್ದ. ಅರಿಶಿನ ಸಾಲದು ಎಂದು ಸುನಂದಮ್ಮ ಮೊದಲ ಸಲ ಒಪ್ಪಿರಲಿಲ್ಲ.

ಪ್ರೀಸೆಟ್ ತೆಗೆದ.

ಬಾಳೆ ಎಲೆ ಹಸಿರಾಯಿತು. ಮಾವಿನ ತೋರಣ ಆಗ ತಾನೇ ಕೊಯ್ದು ತಂದ ಹಾಗೆ ಮಿನುಗಿತು. ಮಾದೇಶ್ ತಕ್ಷಣ ಆ ಕಡೆ ನೋಡಲಿಲ್ಲ. ಅನುಶ್ರೀಯ ಕೈಬಳೆ ನೋಡಿದ, ಕಳಸ ನೋಡಿದ, ನೆಲದ ರಂಗೋಲಿ ನೋಡಿದ. ಆಮೇಲೆ ಮೆಲ್ಲನೆ ಅವಳ ಹೆಗಲ ಹಿಂದಕ್ಕೆ ಕಣ್ಣು ಹರಿಸಿದ.

ಬ್ಯಾರನ್ನಿನ ಬಾಗಿಲಿನ ಅಂಗಿಯೂ ಹಸಿರಾಗಿತ್ತು.

ಹಳದಿ ಅಲ್ಲ. ಮಾವನ ಅಂಗಿ ಹಳದಿ, ಇದು ಹಳದಿ ಅಲ್ಲ. ತಾನೇ ಒತ್ತಿದ ಒಂದು ಗುಂಡಿಯ ದೆಸೆಯಿಂದ ಮಾವ ಲಾಕಪ್ಪಿನಲ್ಲಿ ಕೂತಿದ್ದಾನೆ. ನಾಚಿಕೆ, ಕೋಪ, ಸಂತೋಷ ಮೂರೂ ಒಟ್ಟಿಗೆ ಬಂದು ಯಾವುದನ್ನು ಮೊದಲು ಒಳಗೆ ಬಿಟ್ಟುಕೊಳ್ಳಬೇಕು ಎಂದು ತಿಳಿಯದೆ ಫೋನೆತ್ತಿಕೊಂಡ. ಈ ಕೇಸಿನ ಪಿಎಸ್‌ಐ ಸೌಂದರ್ಯ ಕೊಟ್ಟಿದ್ದ ನಂಬರಿಗೆ ಬರೆದ: 'ಮೇಡಂ, ಅಂಗಿ ಹಳದಿ ಅಲ್ಲ. ಹಸಿರು. ಒರಿಜಿನಲ್ ನನ್ನ ಹತ್ರ ಇದೆ. ನಮ್ಮ ಮಾವ ಅಲ್ಲ.'

ಉತ್ತರ ಕೂಡಲೇ ಬಂತು. 'ಬರ್ತಿದ್ದೀನಿ. ಫೈಲ್ ಮುಟ್ಟಬೇಡಿ.'

ಅಲ್ಲಿಗೆ ಕೈಕಟ್ಟಿ ಕೂತಿದ್ದರೆ ಚೆನ್ನಾಗಿತ್ತು.

ಆದರೆ ಆ ಅಂಗಿಗೆ ಇನ್ನೂ ತಲೆಯಿರಲಿಲ್ಲ. ಹಾಗಾದರೆ ಯಾರು? ಆ ಕಪ್ಪಿನೊಳಗೆ ಯಾರು ನಿಂತಿದ್ದಾರೆ? ಕೈ ತಾನಾಗಿಯೇ ಮೌಸಿಗೆ ಹೋಯಿತು.

ಹೊಸ ಕ್ಯಾಮೆರಾ ಬಂದಾಗಿನಿಂದ ಹೊರತೆಗೆದ ಎಲ್ಲ ವಿಡಿಯೋಗಳಲ್ಲೂ ನೆರಳು ಕಪ್ಪುಗಟ್ಟುತ್ತಿತ್ತು. ಗಾಮಾ, ಅಂದರೆ ಕಪ್ಪು-ಬಿಳುಪಿನ ಹದ, ಜಾರುತ್ತಿದೆ ಎಂದು ನಂಜುಂಡೇಶ್ ಬಯ್ಯುತ್ತಿದ್ದ. ಮದುವೆ ಸೀಸನ್ನಿನಲ್ಲಿ ಕಾರಣ ಹುಡುಕಲು ಯಾರಿಗೂ ಪುರುಸೊತ್ತಿರಲಿಲ್ಲ. ಈಗ ಮಾದೇಶ್ ಆ ತುಣುಕಿನ ಒಳಗಿನ ಸೆಟ್ಟಿಂಗ್ ತೆರೆದ. ಕ್ಯಾಮೆರಾ ಕತ್ತಲೆಯನ್ನು ತಳದಿಂದ ಅಳೆದು ಬರೆದಿಟ್ಟಿತ್ತು. ಎಡಿಟಿಂಗ್ ಸಾಫ್ಟ್‌ವೇರು ಒಂದು ಮೆಟ್ಟಿಲು ಮೇಲಿನಿಂದ ಓದುತ್ತಿತ್ತು. ಆ ಮೆಟ್ಟಿಲಿನ ಕೆಳಗೆ ಏನಿತ್ತೋ ಅದೆಲ್ಲ ಬರೀ ಮಸಿ. 'ಆಟೋ' ಎಂದಿದ್ದುದನ್ನು 'ಫುಲ್' ಎಂದು ಬದಲಾಯಿಸಿದ.

ಮಸಿ ಕರಗಿತು.

ಕಪ್ಪಿನೊಳಗಿಂದ ಮೊದಲು ಬಾಗಿಲು ಬಂತು. ಆಮೇಲೆ ಅಗಳಿ, ಅಗಳಿಯ ಮೇಲೆ ಒಂದು ಕೈ. ಮುಖ ಬಾಗಿಲ ಕಡೆಗಿತ್ತು, ತಲೆಗೆ ಟವಲು ಸುತ್ತಿತ್ತು. ಬೆನ್ನು ಕ್ಯಾಮೆರಾ ಕಡೆಗೆ. ಹಸಿರು ಬೆನ್ನಿನ ನಡುವೆ ಬಿಳಿಯದೊಂದು ಗುರುತು.

ದೊಡ್ಡದು ಮಾಡಿದ. ಎರಡು ಎಲೆ. ಒಂದು ಎಡಕ್ಕೆ, ಒಂದು ಬಲಕ್ಕೆ. ನಡುವೆ ಪುಟ್ಟ ಕಾಂಡ.

ಮಾದೇಶ್ ತಲೆ ತಗ್ಗಿಸಿ ತನ್ನ ಎದೆ ನೋಡಿಕೊಂಡ. ಗಿಳಿಹಸಿರು ಟೀ ಶರ್ಟು. ಎಡಗಡೆ ಸಣ್ಣದಾಗಿ ಎರಡೆಲೆಯ ಚಿಗುರು. ಬೆನ್ನಿನ ಮೇಲೆ ಅದೇ ಗುರುತು, ಅಂಗೈಯಗಲ.

ಪರದೆಯಾಚೆ ಗಿರಾಕಿಯ ಚಪ್ಪಲಿ ಸದ್ದು ಬೀದಿಗಿಳಿಯಿತು. ಆಮೇಲೆ ಶಟರ್ ಅರ್ಧ ಇಳಿದ ಸದ್ದು. ಊಟದ ಹೊತ್ತಿಗೆ ನಂಜುಂಡೇಶ್ ಯಾವಾಗಲೂ ಶಟರ್ ಅರ್ಧ ಇಳಿಸುತ್ತಾನೆ. ದಿನಾ ಕೇಳುವ ಸದ್ದು. ಇವತ್ತು ಅದು ಕೇಳಿ ಮಾದೇಶ್ ತಟ್ಟನೆ ತಿರುಗಿದ.

ಪರದೆ ಸರಿಯಿತು.

"ಊಟಕ್ ಬರಲ್ವೇನ್ಲಾ?"

ನಂಜುಂಡೇಶನ ಕೈಯಲ್ಲಿ ಗಿರಾಕಿಗಳಿಗೆ ತೊಡಿಸುವ ಕರಿ ಕೋಟಿತ್ತು. ಮಾತಾಡುತ್ತಲೇ ಅದನ್ನು ಮಡಚತೊಡಗಿದ. ಅವನೂ ಹಸಿರು ಟೀ ಶರ್ಟಿನಲ್ಲೇ ಇದ್ದ.

ಮಾದೇಶ್ ಆ ವಿಡಿಯೋ ಮುಚ್ಚಲು ಮೌಸ್ ಎಳೆದ. ಬೆರಳು ಜಾರಿ ಬೇರೆಲ್ಲೋ ಒತ್ತಿತು. ಚಿತ್ರ ಇನ್ನೂ ದೊಡ್ಡದಾಗಿ ಮಾನಿಟರ್ ತುಂಬ ಹಸಿರು ಬೆನ್ನು ನಿಂತಿತು.

ನಂಜುಂಡೇಶ್ ಮಡಚುವುದನ್ನು ನಿಲ್ಲಿಸಿದ. "ಏನ್ಲಾ ಅದು?"

"ಸುನಂದಮ್ಮ ಫೋನ್ ಮಾಡಿದ್ರು ಅಣ್ಣ. ಎಲೆ ಒಣಗಿರಂಗೆ ಕಾಣ್ತದಂತೆ."

"ಒಂದಿಷ್ಟು ಹಸಿರು ಬಳ್ದು ಕಳ್ಸು ಅದಕ್ಕೆ. ನಾನ್ ಕೇಳಿದ್ದು ಇದೇನು ಅಂತ."

ನಂಜುಂಡೇಶ್ ಹತ್ತಿರ ಬಂದು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ. ಕುರ್ಚಿ ಸ್ವಲ್ಪ ಹಿಂದಕ್ಕೆ ವಾಲಿತು. ಕೋಣೆಯಿಂದ ಆಚೆಗೆ ಹೋಗುವ ದಾರಿ ಆ ಒಂದೇ ಪರದೆ, ಪರದೆಗೂ ಮಾದೇಶನಿಗೂ ನಡುವೆ ನಂಜುಂಡೇಶ್.

"ಒರಿಜಿನಲ್ ಅಳಿಸು ಅಂದಿದ್ನಲ್ಲ ನಾನು."

"ಕಾರ್ಡ್ ಅಳಿಸ್ದೆ ಅಣ್ಣ. ಡಿಸ್ಕಲ್ಲಿ ಉಳ್ಕೊಂಡಿತ್ತು."

"ಉಳ್ಕೊಂಡಿತ್ತು." ನಂಜುಂಡೇಶ್ ಆ ಮಾತನ್ನು ಬಾಯಲ್ಲಿಟ್ಟು ನೋಡಿದ. "ಅದ್ಯಾಕ್ ಉಳೀತು?"

"ಅಣ್ಣ, ಅದು ನಮ್ ಟೀ ಶರ್ಟು."

"ಕಣ್ಣೈತೆ ನಂಗೂ."

"ಇರೋವೇ ಮೂರು."

"ಮಾಡ್ಸ್ದೋನು ನಾನಲ್ವೇನ್ಲಾ, ಲೆಕ್ಕ ನೀನ್ ಯೋಳ್ಕೊಡ್ತೀಯ?" ಅವನು ನಕ್ಕ. ನಗು ಕಣ್ಣಿಗೆ ಹತ್ತಲಿಲ್ಲ. "ಅಲ್ಲ, ನನ್ ಮುಖ ಯಾಕಂಗ್ ನೋಡ್ತಿದ್ದೀಯ? ಆ ಶಾಟ್ ತಗ್ದಿದ್ದು ಯಾರು ಯೋಳು."

ಮಾದೇಶ್ ಯೋಚಿಸಿದ. ಅದು ಸ್ಲೋ ಮೋಷನ್ನಿನ ಶಾಟು, ಅದರಲ್ಲಿ ಸದ್ದು ದಾಖಲಾಗುವುದಿಲ್ಲ. ಆದರೂ ನೆನಪಿತ್ತು. ಅನುಶ್ರೀಯ ತಲೆಯ ಮೇಲೆ ಅರಿಶಿನದ ನೀರು ಬೀಳುವ ಶಾಟು. "ನೀನೇ ಅಣ್ಣ."

"ನನ್ ಪಕ್ಕ ಲೈಟ್ ಇಡ್ಕೊಂಡು ನಿಂತಿದ್ದೋನು?"

"ನಾನು."

"ಕ್ಯಾಮೆರಾ ಈಚೆ ಇರೋ ಇಬ್ರು, ಕ್ಯಾಮೆರಾ ಆಚೆ ಎಂಗ್ಲಾ ಓಗ್ತೀವಿ?"

ಮಾದೇಶನ ಎದೆಯಿಂದ ಒಂದು ಕಲ್ಲು ಇಳಿಯಿತು. ನಂಜುಂಡೇಶ್ ಅಲ್ಲ. ಆಗುವುದೇ ಇಲ್ಲ.

"ಅಂಗಾದ್ರೆ ತೇಜಸ್‌ದು," ಎಂದ.

ತೇಜಸ್ ಡ್ರೋನ್ ಹಾರಿಸುವವನು. ಹುಣಸೂರಿನವನು. ಮದುವೆಯಿದ್ದಾಗ ಮಾತ್ರ ಬರುವವನು.

"ತೇಜಸ್ ಅವತ್ತು ಬಂದಿದ್ನಾ?"

"ಇಲ್ಲ. ಭೇರ್ಯದ ಕಡೆ ಬೇರೆ ಮದುವೆ ಐತೆ ಅಂದಿದ್ದ."

"ಅವನ್ ಟೀ ಶರ್ಟು?"

ಮಾದೇಶ್ ಮತ್ತೆ ಮಾನಿಟರಿನ ಕಡೆ ನೋಡಿದ.

"ಅವನ್ ಟೀ ಶರ್ಟು ನಿನ್ ಬ್ಯಾಗಲ್ಲಿತ್ತು ಕಣ್ಲಾ," ಎಂದ ನಂಜುಂಡೇಶ್ ಮೆಲ್ಲಗೆ. "ಇಸ್ತ್ರಿ ಮಾಡ್ಸಿ ನಾನೇ ಕೊಟ್ಟಿದ್ದೆ. ಯಾರ್ಗ್ ಕೊಟ್ಟೆ?"

"ಯಾರ್ಗೂ ಇಲ್ಲ."

ಹೇಳಿದ ಮೇಲೆ ನೆನಪಾಯಿತು.

ಆ ಸಂಜೆ ಚಪ್ಪರದಲ್ಲಿ ಮನೆಯ ಹುಡುಗರಿಗೆ ತಮಾಷೆ ಬೇಕಿತ್ತು. ಸೌದೆ ಹೊತ್ತು ಹೋಗುತ್ತಿದ್ದ ಚಿಕ್ಕಮಾದುವನ್ನು ಎಳೆದು ತಂದು ಅರಿಶಿನದ ನೀರು ಕೊಡಗಟ್ಟಲೆ ಸುರಿದರು. ವಿಡಿಯೋ ಚೆನ್ನಾಗಿ ಬರಲೆಂದು ಇನ್ನೊಂದು ಸಲ ಸುರಿದರು. ಮಾವ ಹಲ್ಲು ಕಿರಿದುಕೊಂಡು ನಿಂತಿದ್ದ. ದೊಡ್ಡವರ ಮನೆಯ ತಮಾಷೆಗೆ ಆಳು ಬೇರೆ ಮುಖ ಮಾಡುವ ಹಾಗಿಲ್ಲ. ಮಾದೇಶನೂ ನಕ್ಕಿದ್ದ. ಆಮೇಲೆ ಕಾರ್ತಿಕದ ಚಳಿಗಾಳಿಯಲ್ಲಿ ಮಾವ ಅವನ ಹಿಂದೆ ಬಂದು ನಿಂತ.

"ಒಣಗಿರೋದು ಏನಾದ್ರೂ ಐತೇನ್ಲಾ? ಚಳಿಗೆ ಮೈ ಸೆಟ್ಕೊತಾ ಐತೆ."

"ಜಗಲಿ ಮೇಲೆ ಬ್ಯಾಗೈತೆ ನೋಡು ಮಾವ." ಲೈಟು ಹಿಡಿದಿದ್ದವನು ಹಿಂತಿರುಗಿಯೂ ನೋಡಿರಲಿಲ್ಲ.

ಅಷ್ಟೇ. ಮಾವ ತೆಗೆದುಕೊಂಡನೋ ಬಿಟ್ಟನೋ ಮಾದೇಶನಿಗೆ ಗೊತ್ತಿಲ್ಲ. ಒದ್ದೆ ಬಟ್ಟೆಯಲ್ಲೇ ಮನೆಗೆ ಹೋದೆ, ಬ್ಯಾರನ್ನಿನ ಕಡೆ ಹೋಗಲೇ ಇಲ್ಲ ಎಂದು ಮಾವ ಪೊಲೀಸರಿಗೆ ಹೇಳಿದ್ದಾನೆ. ಆ ಇಡಿಯೋ ತಂಟೆಗೆ ಓಗಬ್ಯಾಡ ಕಣ್ಲಾ. ಬುಟ್ಬುಡು ಅದ್ನ.

"ಪ್ರೀಸೆಟ್ ಆಕು," ಎಂದ ನಂಜುಂಡೇಶ್. "ಕಪ್ಪು ಇದ್ದಂಗೇ ಮಾಡು. ಒರಿಜಿನಲ್ ಅಳ್ಸಾಕು."

"ಹಳದಿ ಆದ್ರೆ ನಮ್ ಮಾವ ಜೈಲಿಗೋಯ್ತಾನೆ ಅಣ್ಣ."

"ಹಸಿರಾದ್ರೆ ಬಿಟ್ಬುಡ್ತಾರೇನ್ಲಾ? ಹಸಿರಾದ್ರೆ ಕೇಳೋದು, ಟೀ ಶರ್ಟ್ ಯಾರತ್ರ ಇತ್ತು ಅಂತ. ನಿನ್ನತ್ರ. ನೀನ್ ಯಾರ್ಗ್ ಕೊಟ್ಟೆ ಅಂತ ಯೋಳಿದ್ರೆ ಅವ್ನು ಓಯ್ತಾನೆ. ಯೋಳ್ನಿಲ್ಲ ಅಂದ್ರೆ ನೀನು." ಕುರ್ಚಿಯ ಮೇಲಿನ ಕೈ ಭುಜಕ್ಕೆ ಬಂತು. ಬೆಚ್ಚಗಿತ್ತು, ಭಾರವಾಗಿತ್ತು. "ಅವ್ವ ಒಬ್ಳೇ ಅಲ್ವಾ ಮನೇಲಿ? ಯೋಚ್ನೆ ಮಾಡು."

"ನಿಂಗ್ಯಾಕಣ್ಣ ಅದು ಅಳೀಬೇಕು?"

ಭುಜದ ಮೇಲಿನ ಕೈ ಹಾಗೇ ಇತ್ತು. "ಸ್ಟುಡಿಯೋ ಎಸ್ರು ಬೆನ್ ಮೇಲೈತಲ್ಲ. ಅದ್ಕೆ."

ಅದು ಸರಿಯಾದ ಉತ್ತರವೇ. ಆದರೆ ಮಾತು ಹೊರಡುವ ಮೊದಲು ಒಂದು ಉಸಿರಿನಷ್ಟು ತಡವಾಗಿತ್ತು.

ಹೊರಗೆ ಜೀಪು ನಿಂತ ಸದ್ದು. ಅರ್ಧ ಇಳಿದ ಶಟರನ್ನು ಯಾರೋ ಕೈಯಿಂದ ಎತ್ತಿದರು.

"ಯಾರ್ಲಾ ಅದು?" ಎಂದ ನಂಜುಂಡೇಶ್.

"ನಾನೇ ಕರ್ಸ್ದೆ," ಎಂದ ಮಾದೇಶ್.

ಪಿಎಸ್‌ಐ ಸೌಂದರ್ಯ ಪರದೆ ಸರಿಸಿ ಒಳಗೆ ಬಂದರು. ಟೋಪಿ ಕಂಕುಳಲ್ಲಿತ್ತು. ಯಾರನ್ನೂ ಮಾತಾಡಿಸದೆ ನೇರ ಮಾನಿಟರಿನ ಮುಂದೆ ಬಂದು ನಿಂತು ಸ್ವಲ್ಪ ಹೊತ್ತು ನೋಡಿದರು.

"ಫೈಲ್ ಮುಟ್ಟಬೇಡಿ ಅಂದಿದ್ದೆ."

"ಕತ್ತಲೆ ಮಾತ್ರ ತೆಗ್ದೆ ಮೇಡಂ. ಒರಿಜಿನಲ್ ಹಂಗೇ ಇದೆ."

"ನಿನ್ನೆಯಿಂದ ನನಗೊಂದು ಸಮಾಧಾನ ಇರಲಿಲ್ಲ," ಎಂದರು ಅವರು, ಕಣ್ಣು ಚಿತ್ರದ ಮೇಲೇ ಇಟ್ಟು. "ಚಿಕ್ಕಮಾದು ಮನೇಲಿ ಸಿಕ್ಕ ಅಂಗಿ ಅರಿಶಿನದ ನೀರು ಕುಡಿದು ಹಪ್ಪಳದ ಥರ ಸೆಟೆದುಕೊಂಡಿತ್ತು. ವಿಡಿಯೋದ ಅಂಗಿ ಮೈಗೆ ಅಂಟಿಲ್ಲ, ಸಡಿಲವಾಗಿದೆ. ಒಣ ಬಟ್ಟೆ. ಹಾಗಾದ್ರೆ ಇವನಲ್ಲ, ಇಲ್ಲ ಇವನು ಬಟ್ಟೆ ಬದಲಾಯಿಸಿದ್ದಾನೆ." ಮಾದೇಶನ ಕಡೆ ತಿರುಗಿದರು. "ಎದ್ದೇಳಿ. ಆ ಕಡೆ ತಿರುಗಿ."

ಅವನು ಎದ್ದು ಗೋಡೆಯ ಕಡೆ ತಿರುಗಿದ. ಬೆನ್ನಿನ ಮೇಲೆ ಎರಡೆಲೆ. ಅವರ ನೋಟ ಅಲ್ಲಿ ಸುಡುತ್ತಿರುವ ಹಾಗನ್ನಿಸಿತು.

"ಇಂಥವು ಎಷ್ಟಿವೆ?"

"ಮೂರು ಮೇಡಂ," ಎಂದ ನಂಜುಂಡೇಶ್, ಮಾದೇಶನಿಗಿಂತ ಮೊದಲೇ. ದನಿ ಗಿರಾಕಿಗಳ ಜೊತೆ ಮಾತಾಡುವ ದನಿಯಾಗಿತ್ತು. "ಒಂದು ನನ್ನ ಮೈಮೇಲೆ, ಒಂದು ಇವನ ಮೈಮೇಲೆ. ಮೂರನೇದು ಇವನ ಬ್ಯಾಗಲ್ಲಿರುತ್ತೆ."

"ಬ್ಯಾಗಲ್ಲಿಲ್ಲ," ಎನ್ನಬೇಕೆಂದುಕೊಂಡ ಮಾದೇಶ್. ಇಲ್ಲದಿದ್ದರೆ ಎಲ್ಲಿ ಎಂದು ಕೇಳುತ್ತಾರೆ. ಬ್ಯಾಗಿನ ಕಡೆ ಹೋದ.

ಬ್ಯಾಗು ಮೂಲೆಯ ಮೊಳೆಗೆ ನೇತುಬಿದ್ದಿತ್ತು. ಮದುವೆ ಮುಗಿಸಿ ಬಂದ ದಿನ ನೇತುಹಾಕಿದ್ದು, ಆಮೇಲೆ ಅವನು ಮುಟ್ಟಿರಲಿಲ್ಲ. ಇಳಿಸಿದ. ಹಗುರವಾಗಿತ್ತು. ಜಿಪ್ ಎಳೆದ. ಚಾರ್ಜರು, ವೈರು, ಲೈಟಿನ ಬ್ಯಾಟರಿ. ಅವುಗಳ ಕೆಳಗೆ ಕೈ ಹಾಕಿದಾಗ ಬೆರಳಿಗೆ ಬಟ್ಟೆ ತಗುಲಿತು.

ಹಸಿರು ಟೀ ಶರ್ಟು. ನೀಟಾಗಿ ಮಡಚಿಟ್ಟಿತ್ತು.

ಹೊರಗೆ ತೆಗೆದ ಕೂಡಲೇ ಕೋಣೆಯಲ್ಲಿ ವಾಸನೆ ಹರಡಿತು. ಹೊಗೆಸೊಪ್ಪು ಬೇಯುವಾಗ ಬರುವ ಸಿಹಿಗಂಪು. ಅದರ ಹಿಂದೆ ಇನ್ನೊಂದು, ಸುಟ್ಟ ಸೌದೆಯದು. ಕಾಲರಿನ ಒಳಮೈಯಲ್ಲಿ, ಒದ್ದೆ ಕತ್ತು ತಾಗಿದ ಕಡೆ, ಉಂಗುರದ ಹಾಗೆ ಒಂದು ಹಳದಿ ಕಲೆ ಸುತ್ತಿಕೊಂಡಿತ್ತು. ಈ ಹಳದಿಯನ್ನು ಯಾವ ಪ್ರೀಸೆಟ್ಟೂ ಮಾಡಿರಲಿಲ್ಲ. ಅರಿಶಿನ.

ಮಾವನ ಕತ್ತು.

ಸೌಂದರ್ಯ ಕೈ ಚಾಚಿದರು. "ಕೊಡಿ."

ಮಾದೇಶನ ಹೆಬ್ಬೆರಳು ಕಾಲರಿನ ಮೇಲೆ ಬಿಗಿಯಾಯಿತು. ಅವ್ವ ಕಣ್ಮುಂದೆ ಬಂದಳು, ರೊಟ್ಟಿ ಕಟ್ಟುತ್ತ, ಒಂದೂ ಮಾತಾಡದೆ. ಕೊಡಗಟ್ಟಲೆ ನೀರು ಸುರಿಸಿಕೊಂಡು ಹಲ್ಲು ಕಿರಿದು ನಿಂತ ಮಾವ ಬಂದ. ಕ್ಯಾಮೆರಾ ಪಕ್ಕ ನಿಂತು ನಕ್ಕ ತಾನೂ ಬಂದ.

"ಇದನ್ನ ಅವತ್ತು ಹಾಕ್ಕೊಂಡಿದ್ದು ಯಾರು?"

"ನಾನೇ ಮೇಡಂ."

ಮಾತು ಹೊರಗೆ ಬಿದ್ದಿತ್ತು. ಸೌಂದರ್ಯ ಹುಬ್ಬು ಸಹ ಎತ್ತಲಿಲ್ಲ.

"ನೀವು."

"ನಾನೇ. ಮೈಮೇಲಿದ್ದುದು ಒದ್ದೆಯಾಗಿತ್ತು. ಅದಕ್ಕೇ ಇದನ್ನ ಹಾಕ್ಕೊಂಡೆ."

"ಆ ಶಾಟ್ ತೆಗೀವಾಗ ನೀವು ಬ್ಯಾರನ್ ಹತ್ರ ಇದ್ರಿ."

"ಊಂ."

ಎಷ್ಟು ಹೊತ್ತು ನಿಲ್ಲುವ ಸುಳ್ಳು ಅದು? ನಂಜುಂಡೇಶ್ ಈಗ ಬಾಯಿ ಬಿಡುತ್ತಾನೆ. ಅಯ್ಯೋ ಇಲ್ಲ ಮೇಡಂ, ಹುಡುಗ ಹೆದರಿ ಏನೇನೋ ಬಡಬಡಿಸ್ತಾನೆ, ನನ್ನ ಪಕ್ಕದಲ್ಲೇ ಲೈಟು ಹಿಡಿದಿದ್ದ ಅನ್ನುತ್ತಾನೆ. ಅನ್ನಲೇಬೇಕು. ಈಗ ತಾನೇ ಅವನ ಬಾಯಿಂದಲೇ ಬಂದ ಮಾತು. ಮಾದೇಶನಿಗೆ ಅರಿವಿಲ್ಲದೆಯೇ ಒಳಗೆಲ್ಲೋ ಅವನು ಅದಕ್ಕಾಗಿಯೇ ಕಾಯುತ್ತಿದ್ದ.

ಸೌಂದರ್ಯ ಕೇಳಿಯೂ ಬಿಟ್ಟರು. "ನೀವೇ ಅಲ್ವಾ ನಂಜುಂಡೇಶ್, ಕ್ಯಾಮೆರಾ ಹಿಡಿದಿದ್ದು? ಇವರು ನಿಮ್ಮ ಜೊತೆ ಇದ್ರಾ?"

ನಂಜುಂಡೇಶ್ ಕೈಯಲ್ಲಿದ್ದ ಕರಿ ಕೋಟನ್ನು ಮತ್ತೆ ಮಡಚತೊಡಗಿದ. ತಲೆಯೆತ್ತಲಿಲ್ಲ.

"ನಾನು ಮದುಮಗಳನ್ನ ನೋಡ್ತಿದ್ದೆ ಮೇಡಂ. ಲೈಟು ಸ್ಟ್ಯಾಂಡ್ ಮೇಲಿತ್ತು. ಇವನು ಎಲ್ಲಿದ್ದ ಅಂತ ನಾನು ನೋಡಲಿಲ್ಲ."

ನಂಜುಂಡೇಶ್ ಕೋಟಿನ ಎರಡೂ ತೋಳುಗಳನ್ನು ಒಳಗೆ ತಿರುಗಿಸಿದ. ನಡುವಿನಿಂದ ಒಂದು ಮಡಿಕೆ. ಅದರ ಮೇಲೆ ಇನ್ನೊಂದು. ಕಾಲರು ಮೇಲೆ ಬರುವ ಹಾಗೆ ಮೇಜಿನ ಮೇಲಿಟ್ಟು ಅಂಗೈಯಿಂದ ಒಮ್ಮೆ ಸವರಿದ.

ಮಾದೇಶ್ ಹುಟ್ಟಿದಾಗಿನಿಂದ ಬಟ್ಟೆ ಮಡಚಿದವನಲ್ಲ. ಮಾವನೂ ಅಷ್ಟೇ, ಕಳಚಿದ್ದನ್ನು ಹಗ್ಗಕ್ಕೆ ಎಸೆಯುವವನು.

ತನ್ನ ಕೈಯಲ್ಲಿದ್ದ ಟೀ ಶರ್ಟು ನೋಡಿದ. ತೋಳುಗಳು ಒಳಗೆ. ನಡುವಿನಿಂದ ಒಂದು ಮಡಿಕೆ, ಅದರ ಮೇಲೆ ಇನ್ನೊಂದು. ಕಾಲರು ಮೇಲೆ. ಹೊಗೆ ಹಿಡಿದ ಮೇಲೆ ಇದನ್ನು ಮಡಚಿ ಬ್ಯಾಗಿಗೆ ಇಟ್ಟದ್ದು ನಂಜುಂಡೇಶ್.

"ಜೀಪು ಹತ್ತಿ," ಎಂದರು ಸೌಂದರ್ಯ.